ಬ್ಯಾಟರಿ ಸೈಕಲ್ಲಿನ ಫ್ರೀವೀಲ್ ಬಿಚ್ಚಿದ್ದು

ನನ್ನದು ಮುದ್ದೇನಹಳ್ಳಿ. ಎರಡು ಸೀಮೆಹಸು, ಅರ್ಧ ಎಕರೆ ಹಿಪ್ಪುನೇರಳೆ. ಬೆಳಗ್ಗೆ ಡೇರಿಗೆ ಹಾಲು, ಆಮೇಲೆ ತೋಟದಿಂದ ಹುಳುಮನೆಗೆ ಸೊಪ್ಪು, ಎರಡೂ ಸೈಕಲ್ಲಿನ ಮೇಲೆಯೇ. ಮಂಡಿನೋವು ಶುರುವಾದ ಮೇಲೆ ಮಗ ಹಳೇ ಸೈಕಲ್ಲಿಗೆ ಮೋಟಾರ್ ಇರುವ ಹಿಂದಿನ ಚಕ್ರ ಹಾಕಿಸಿಕೊಟ್ಟ. 36 ವೋಲ್ಟ್, 250 ವಾಟಿನದು. ಮೋಟಾರು ಹಬ್ಬಿನ ಒಳಗೇ ಇರುತ್ತದೆ. ಪೆಡಲ್, ಚೈನು ಎಲ್ಲ ಮೊದಲಿನಂತೆಯೇ.

ಎರಡು ವರ್ಷ ತಕರಾರಿಲ್ಲದೆ ನಡೆಯಿತು. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಕ್ಯಾನು ಕಟ್ಟಿಕೊಂಡು ಹೊರಟು ಕೈಪಿಡಿ ತಿರುಗಿಸಿದೆ. ಚಕ್ರದ ಜೊತೆಗೆ ಪೆಡಲೂ ತಾನೇ ತಿರುಗತೊಡಗಿತು! ಕಾಲು ತೆಗೆಯುವಷ್ಟರಲ್ಲಿ ಮೊಣಕಾಲ ಕೆಳಗೆ ಏಟು. ಸೈಕಲ್ ವಾಲಿ ಅರ್ಧ ಕ್ಯಾನು ಹಾಲು ಮಣ್ಣುಪಾಲು.

ಆಗಿದ್ದು ಇಷ್ಟೇ, ಫ್ರೀವೀಲ್ ಜಾಮ್ ಆಗಿತ್ತು. ಪೆಡಲ್ ನಿಲ್ಲಿಸಿದರೂ ಚಕ್ರ ಟಿಕಟಿಕ ಎಂದು ಓಡುವಂತೆ ಮಾಡುವುದು ಈ ಹಲ್ಲಿನ ಚಕ್ರ. ಸಾದಾ ಸೈಕಲ್ಲಿನಲ್ಲಿ ಅದು ಹಿಡಿದುಕೊಂಡರೆ ತುಳಿಯುತ್ತಲೇ ಇರಬೇಕಾದ ಕಿರಿಕಿರಿ, ಅಷ್ಟೆ. ಬ್ಯಾಟರಿ ಸೈಕಲ್ಲಿನಲ್ಲಿ ಹಾಗಲ್ಲ. ಚಕ್ರ ತಿರುಗಿಸುವ ಮೋಟಾರಿನ ಬಲವೆಲ್ಲ ಚೈನಿನ ಮೂಲಕ ಪೆಡಲ್ಲಿಗೆ ಬಂದುಬಿಡುತ್ತದೆ. ಹೆಂಗಸರು ಸೀರೆ ಉಟ್ಟು ಓಡಿಸುವ ಸೈಕಲ್ಲಾದರೆ ಗತಿ ಏನು?

ಕಿಟ್ ಮಾರುವ ಅಂಗಡಿಯೊಂದರಲ್ಲಿ ಕೇಳಿದೆ. "ಅದು ಮೋಟಾರಿಗೇ ಸೇರಿದ್ದು ಯಜಮಾನ್ರೇ, ಬಿಚ್ಚೋಕಾಗಲ್ಲ. ಚಕ್ರಾನೇ ಹೊಸದು ಹಾಕಿಸ್ಕೊಳ್ಳಿ" ಎಂದರು. ಒಂಬತ್ತು ಸಾವಿರ! ಒಂದು ಬೆಳೆ ಗೂಡಿನ ಲಾಭ ಅದಕ್ಕೇ ಹೋಗಬೇಕು.

ಅವರ ಮಾತು ನಿಜವಲ್ಲ. ಫ್ರೀವೀಲ್ ಮೋಟಾರಿಗೆ ಸೇರಿದ್ದಲ್ಲ. ಮೋಟಾರಿನ ಪಕ್ಕದ ಮುಚ್ಚಳದಲ್ಲಿ ಥ್ರೆಡ್ ಇದೆ, ಅದಕ್ಕೆ ಇದನ್ನು ತಿರುಗಿಸಿ ಕೂರಿಸಿರುತ್ತಾರೆ. ಆ ಥ್ರೆಡ್ಡೂ ಸಾಮಾನ್ಯವಾಗಿ ಸೈಕಲ್ಲಿನ ಹಬ್ಬಿನದೇ ಅಳತೆ: 1.37 ಇಂಚು ಅಡ್ಡಗಲ, ಇಂಚಿಗೆ 24 ಸುತ್ತು. ಅಂದರೆ ಯಾವುದೇ ಸೈಕಲ್ ಷಾಪಿನ 18 ಹಲ್ಲಿನ ಫ್ರೀವೀಲ್ ಇದಕ್ಕೆ ಆಗುತ್ತದೆ. ಕಷ್ಟ ಇರುವುದು ಹಳೆಯದನ್ನು ಬಿಚ್ಚುವುದರಲ್ಲಿ. ನಾವು ತುಳಿದಷ್ಟೂ ಅದು ಬಿಗಿಯಾಗುತ್ತಲೇ ಹೋಗುತ್ತದೆ. ಕಬ್ಬಿಣದ ಫ್ರೀವೀಲ್, ಅಲ್ಯೂಮಿನಿಯಂ ಮುಚ್ಚಳ, ನಡುವೆ ಕೊಟ್ಟಿಗೆಯ ನೀರು ಸೇರಿ ಕಚ್ಚಿಕೊಂಡಿತ್ತು.

ಮೊದಲ ದಿನವೇ ನಾನೊಂದು ದಡ್ಡತನ ಮಾಡಿದೆ. ಫ್ರೀವೀಲಿನ ಒಳಬಳೆಯಲ್ಲಿ ಟೂಲ್ ಕೂರಿಸಲೆಂದು ಎರಡು ಕಚ್ಚುಗಳಿರುತ್ತವೆ. ಅದಕ್ಕೆ ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಫ್ರೀವೀಲ್ ಅಲುಗಲಿಲ್ಲ, ಕಚ್ಚಿನ ಅಂಚು ಮಾತ್ರ ಸವೆದುಹೋಯಿತು. ಉಳಿ ಜಾರಿ ವೈರಿನ ಮೇಲೂ ತಾಗಿತು, ಪುಣ್ಯಕ್ಕೆ ಮೇಲಿನ ಕವಚ ಮಾತ್ರ ಸೀಳಿತು. ಮೋಟಾರಿನ ವೈರೆಲ್ಲ ಆಕ್ಸಲ್ಲಿನ ತೂತಿನಿಂದಲೇ ಹೊರಬರುತ್ತದೆ. ಕೆಲವದರಲ್ಲಿ ಎಡಗಡೆಗೆ, ನನ್ನದರಲ್ಲಿ ಚೈನಿನ ಕಡೆಗೇ. ಮೂರು ದಪ್ಪ, ಐದು ಸಣ್ಣ ವೈರು. ಸಣ್ಣದರಲ್ಲಿ ಒಂದು ತುಂಡಾದರೂ ಮೋಟಾರು ಜರ್ಕ್ ಹೊಡೆಯುತ್ತದೆ, ಇಲ್ಲವೇ ತಿರುಗುವುದೇ ಇಲ್ಲ.

"ವಿಶ್ವೇಶ್ವರಯ್ಯನವರ ಊರಿನೋನು, ಒಂದು ಫ್ರೀವೀಲ್ ಬಿಚ್ಚಕ್ಕಾಗಲ್ವ?" ಎಂದು ಭಾವಮೈದ ಗೇಲಿ ಮಾಡಿದ. ಆ ಮಾತಿಗೇ ಹಟ ಬಂತು.

ಮಗ ಬ್ಯಾಟರಿ ಕಳಚಿ, ವೈರಿನ ತುದಿಯ ಪ್ಲಾಸ್ಟಿಕ್ ಕನೆಕ್ಟರಿನ ಫೋಟೋ ತೆಗೆದುಕೊಂಡ. ಯಾವ ಬಣ್ಣ ಎಲ್ಲಿ ಎಂದು ಚೀಟಿಯಲ್ಲೂ ಬರೆದ. ಆಮೇಲೆ ಸಣ್ಣ ಸೂಜಿಯಿಂದ ಪಿನ್ನುಗಳನ್ನು ಒಂದೊಂದಾಗಿ ಹಿಂದಕ್ಕೆಳೆದ. ಕನೆಕ್ಟರ್ ಇದ್ದರೆ ಆಕ್ಸಲ್ಲಿನ ನಟ್ಟೇ ಹೊರಬರುವುದಿಲ್ಲ, ಟೂಲ್ ಒಳಗೆ ಹೋಗುವುದೂ ಇಲ್ಲ. ಈ ನಡುವೆ ಚಕ್ರ ತಿರುಗಿಸಿದರೆ ಎಮ್ಮೆ ಎಳೆದಷ್ಟು ಭಾರ. ಮೋಟಾರು ಸುಟ್ಟೇ ಹೋಯಿತು ಎಂದುಕೊಂಡೆ. ನೋಡಿದರೆ ಮೂರು ದಪ್ಪ ವೈರಿನ ತುದಿಗಳು ಒಂದಕ್ಕೊಂದು ತಾಗಿದ್ದವು. ಬಿಡಿಸಿದ ಕೂಡಲೇ ಹಗುರವಾಯಿತು. ಬ್ಯಾಟರಿ ಇಲ್ಲದಿದ್ದರೂ ಚಕ್ರ ತಿರುಗಿಸಿದರೆ ಇದು ಡೈನಮೋ ಆಗುತ್ತದೆ. ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿಡಿ.

ಸೈಕಲ್ ಷಾಪಿನಿಂದ ತಂದ ಫ್ರೀವೀಲ್ ಬಿಚ್ಚುವ ಟೂಲ್ ಆಕ್ಸಲ್ಲಿಗೆ ಹಿಡಿಯಲೇ ಇಲ್ಲ. ಸಾದಾ ಆಕ್ಸಲ್ 10 ಮಿ.ಮೀ. ಒಳಗಿನದು, ಮೋಟಾರಿನದು 12 ಮಿ.ಮೀ. ಚಿಕ್ಕಬಳ್ಳಾಪುರದ ಲೇತಿನಲ್ಲಿ ಅದರ ತೂತನ್ನು 13ಕ್ಕೆ ಕೊರೆಸಿದೆ. ಟೂಲ್ ಕಚ್ಚಿನಲ್ಲಿ ಕೂರಿಸಿ, ಜಾರದಂತೆ ಆಕ್ಸಲ್ಲಿನ ನಟ್ಟನ್ನೇ ಅದರ ಮೇಲೆ ಕೈಯಲ್ಲಿ ತಿರುಗಿಸಿಡಬೇಕು. ಫ್ರೀವೀಲ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಟಕ್ ಎಂದು ಸಡಿಲವಾದ ತಕ್ಷಣ ನಟ್ ಸಡಿಲಿಸಬೇಕು, ಇಲ್ಲವಾದರೆ ಟೂಲ್ ನಟ್ಟನ್ನೇ ಒತ್ತಿ ಥ್ರೆಡ್ ಕೆಡಿಸುತ್ತದೆ. ಹಿಡಿದುಕೊಳ್ಳುವುದು ಚಕ್ರದ ರಿಮ್ಮನ್ನು, ಆಕ್ಸಲ್ಲನ್ನಲ್ಲ. ಆಕ್ಸಲ್ ಹಿಡಿದರೆ ಚಕ್ರ ಸುಮ್ಮನೆ ಸುತ್ತುತ್ತದೆ.

ನನ್ನ ಉಳಿಯ ಪ್ರತಾಪದಿಂದ ಕಚ್ಚು ಸವೆದಿತ್ತಲ್ಲ, ಟೂಲ್ ಹಿಡಿಯಲಿಲ್ಲ. ಲೇತಿನ ಹುಡುಗ "ಗ್ಯಾಸ್ ಹಚ್ಚಿ ಕಾಯಿಸ್ಬಿಡೋಣ ಅಣ್ಣ" ಎಂದ. ಬೇಡ ಎಂದೆ. ಒಳಗಿರುವುದು ಆಯಸ್ಕಾಂತ, ಕಾದರೆ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ಅಂಟಿಸಿದ ಅಂಟೂ ಬಿಡುತ್ತದೆ.

ಉಳಿದ ದಾರಿ ಒಂದೇ, ಫ್ರೀವೀಲನ್ನು ಅಲ್ಲೇ ಒಡೆಯುವುದು. ಮುಂಭಾಗದಲ್ಲಿ ಎರಡು ಸಣ್ಣ ಕುಳಿಗಳಿರುವ ತೆಳು ಬಳೆ ಕಾಣುತ್ತದೆ. ಇದರ ಥ್ರೆಡ್ ಉಲ್ಟಾ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಕುಳಿಗೆ ಪಂಚ್ ಇಟ್ಟು ಮೆಲ್ಲಗೆ ಬಡಿದರೆ ಬಿಚ್ಚುತ್ತದೆ. ಕೆಳಗೊಂದು ತಟ್ಟೆ ಇಡಿ, ಒಳಗಿನ ಸಣ್ಣ ಗುಂಡುಗಳು ಸಾಸಿವೆಯಂತೆ ಉದುರುತ್ತವೆ. ನನ್ನದರಲ್ಲಿ ಗುಂಡು, ಹಲ್ಲಿಗೆ ತಾಗುವ ಕೊಕ್ಕೆ ಎಲ್ಲ ತುಕ್ಕು, ಸಗಣಿ ಸೇರಿ ಮುದ್ದೆಯಾಗಿದ್ದವು. ಹಲ್ಲಿನ ಬಳೆ ಕೈಗೆ ಬಂತು. ಉಳಿದ ಒಳಬಳೆಯನ್ನು ವೈಸಿನಲ್ಲಿ ಭದ್ರವಾಗಿ ಕಚ್ಚಿಸಿದೆವು. ಚಕ್ರ ಮಲಗಿ ಮೇಲೆ, ಆಕ್ಸಲ್ಲೂ ವೈರೂ ವೈಸಿನ ಬಾಯಿಯ ನಡುವೆ ಕೆಳಕ್ಕೆ. ಇಬ್ಬರು ರಿಮ್ ಹಿಡಿದು, ಮೇಲಿನಿಂದ ನೋಡುವಾಗ ಗಡಿಯಾರಕ್ಕೆ ಎದುರಾಗಿ, ಬಸ್ಸಿನ ಸ್ಟೀರಿಂಗ್ ತಿರುಗಿಸುವಂತೆ ಜಗ್ಗಿದೆವು. ವೈರು ತಿರುಚಿಕೊಳ್ಳದಂತೆ ಮಗ ಕೆಳಗೆ ಕೂತು ನೋಡುತ್ತಿದ್ದ. ಮೂರನೇ ಸಲಕ್ಕೆ ಸಡಿಲವಾಯಿತು.

ಮುಚ್ಚಳದ ಥ್ರೆಡ್ ಕೆಟ್ಟಿರಲಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿ, ಗ್ರೀಸ್ ಹಚ್ಚಿ, ಹೊಸ ಫ್ರೀವೀಲನ್ನು ಕೈಯಲ್ಲೇ ಕೊನೆತನಕ ತಿರುಗಿಸಿದೆ. ಅಲ್ಯೂಮಿನಿಯಂ ಮೆದು, ಮೊದಲ ಸುತ್ತು ಓರೆಯಾಗಿ ಕೂತರೆ ಮುಚ್ಚಳವೇ ಹಾಳು. ಆಮೇಲೆ ಬಿಗಿ ಮಾಡುವ ಕೆಲಸ ಪೆಡಲ್ಲೇ ಮಾಡುತ್ತದೆ. ಚಕ್ರ ಕೂರಿಸುವಾಗ ಆಕ್ಸಲ್ ತಿರುಗದಂತೆ ತಡೆಯುವ ಕೊಕ್ಕೆಯ ವಾಷರನ್ನು ಮರೆಯಬಾರದು. ಅದಿಲ್ಲದೆ ಆಕ್ಸಲ್ ತಿರುಗಿದರೆ ವೈರು ಕತ್ತರಿಸಿಹೋಗುತ್ತದೆ. ವೈರನ್ನು ಸ್ವಲ್ಪ ಕೆಳಕ್ಕೆ ಜೋಲಿಸಿ ಕಟ್ಟಿದ್ದೇನೆ, ಮಳೆನೀರು ಮೋಟಾರಿನೊಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಈಗ ಸೈಕಲ್ಲನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಫ್ರೀವೀಲಿಗೆ ನಾಲ್ಕು ತೊಟ್ಟು ಎಣ್ಣೆ ಬಿಡುತ್ತೇನೆ.

ಖರ್ಚು: ಫ್ರೀವೀಲ್ 160 ರೂಪಾಯಿ, ಟೂಲ್ 120, ಲೇತಿನವರಿಗೆ 200. ಎರಡು ದಿನ ಹಾಲು ಸಾಗಿಸಿದ ಆಟೋ ಬಾಡಿಗೆ ಬೇರೆ. ಕೊರೆಸಿದ ಆ ಟೂಲ್ ಮನೆಯಲ್ಲೇ ಇದೆ. ಸುತ್ತಮುತ್ತಲ ರೈತರು ಯಾರಿಗಾದರೂ ಬೇಕಾದರೆ ಒಯ್ಯಬಹುದು, ವಾಪಸು ತಂದುಕೊಟ್ಟರಾಯಿತು.