ಚಿಗರಿ ಓಡುವ ಎರಿ ಹೊಲದಲ್ಲಿ

ಯಮನೂರು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಜಾತ್ರೆ. ಹೋಳಿಯ ಹೊತ್ತಿಗೆ ನವಲಗುಂದ ತಾಲ್ಲೂಕಿನ ಈ ಊರಿಗೆ ಜನ ಟ್ರ್ಯಾಕ್ಟರ್ ಹೂಡಿಕೊಂಡು ಬರುತ್ತಾರೆ. ಬೆಣ್ಣೆಹಳ್ಳದಲ್ಲಿ ಮೀಯುತ್ತಾರೆ, ಗದ್ದಿಗೆಗೆ ಸಕ್ಕರೆ ಓದಿಸುತ್ತಾರೆ, ಮರುದಿನ ಗಾಡಿ ಹತ್ತುತ್ತಾರೆ. ಹಿಂದೂಗಳು ಚಾಂಗದೇವ ಎಂದು, ಮುಸ್ಲಿಮರು ರಾಜಾಬಾಗಸವಾರ ಎಂದು ನಡೆದುಕೊಳ್ಳುವುದು ಒಬ್ಬರಿಗೇ. ಬಾಗಸವಾರ ಎಂದರೆ ಹುಲಿಯೇರಿದವನು.

ಹುಲಿ ಬೇಕಿದ್ದವರು ಪಡುವಣಕ್ಕೆ ಕಾಳಿ ಕಾಡಿಗೆ ಹೋಗಬೇಕು. ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಾರುಗಳೆಲ್ಲ ಅತ್ತಲೇ ಮುಖ ಮಾಡುತ್ತವೆ: ದಾಂಡೇಲಿ, ಕಾರವಾರ, ಕಡಲು. ವನ್ಯಜೀವಿ ಎಂದರೆ ದಟ್ಟ ಕಾಡು, ಇಲ್ಲವೇ ಕಾಂಡ್ಲಾವನ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಬೇರೂರಿದೆ. ಮೂಡಣಕ್ಕೆ ವಿಜಯಪುರದ ಹೆದ್ದಾರಿ ಹಿಡಿದವರು ಮಾತ್ರ ಕಿಟಕಿಯಾಚೆ ಬರೀ ಹೊಲ ಎಂದುಕೊಂಡು ನಿದ್ದೆ ಹೋಗುತ್ತಾರೆ. ಆ ಹೊಲದಲ್ಲೇ ಇಳಿದು ನಡೆಯಿರಿ ಎಂದು ಹೇಳುವುದಕ್ಕೆ ಈ ಬರಹ.

ನಡೆಯಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ಎರಿಮಣ್ಣು ಹತ್ತು ಹೆಜ್ಜೆ ಇಡುವುದರೊಳಗೆ ಚಪ್ಪಲಿಯನ್ನು ಕಲ್ಲಿನಷ್ಟು ಭಾರ ಮಾಡುತ್ತದೆ. ಬೆಣ್ಣೆಹಳ್ಳವಂತೂ ಯಾವಾಗ ಉಕ್ಕಿ ಹೊಲಕ್ಕೆ ನುಗ್ಗೀತೋ ಹೇಳಲಾಗದು. ಚಳಿ ಬಿದ್ದರೆ ನೆಲ ಗಟ್ಟಿಯಾಗುತ್ತದೆ, ಹಿಂಗಾರಿಯ ಕಡಲೆ, ಬಿಳಿಜೋಳ, ಕುಸುಬೆ ಕಣ್ಣು ಹಾಯುವವರೆಗೂ ಹಬ್ಬುತ್ತವೆ. ಸೂರ್ಯ ಹುಟ್ಟುವ ಮೊದಲೇ ಊರು ಬಿಡಬೇಕು. ಒಡ್ಡಿನ ಮೇಲಷ್ಟೇ ನಡೆಯಬೇಕು, ಬೆಳೆ ತುಳಿಯಬಾರದು. ಹೊಲದಲ್ಲಿ ಯಾರಾದರೂ ಕಂಡರೆ "ಯಜಮಾನ್ರ, ಒಡ್ಡಿನ ಮ್ಯಾಲ ಹಾದು ಹೋಗ್ಲೇನ್ರಿ?" ಎಂದು ಕೇಳಿ. ಬ್ಯಾಡ ಅನ್ನುವವರು ಕಡಿಮೆ. ಎತ್ತ ಹೋದರೆ ಏನು ಕಂಡೀತು ಎಂದು ಅವರೇ ಕೈ ಮಾಡಿ ತೋರಿಸುತ್ತಾರೆ.

ಕಡಲೆ ಹೊಲದ ಬದಿಗೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ. ಎಲೆ ಎಲೆಯ ಮೇಲೆ ನವಿರಾದ ಕೂದಲು, ಕೂದಲ ತುದಿಗೆ ಹನಿ. ಬೆರಳಿಗೆ ಹಚ್ಚಿ ನಾಲಗೆಗಿಟ್ಟರೆ ಚುರ್ರೆನ್ನುವ ಹುಳಿ. ಗಿಡವೇ ಸ್ರವಿಸುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಇಬ್ಬನಿಗೆ ಬೆರೆತಿರುತ್ತದೆ. ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆಂದು ಸೀಸೆಯಲ್ಲಿ ತೆಗೆದಿಡುವುದು ಇಲ್ಲಿಯ ಹಳೆಯ ರೂಢಿ. ಬರಿಗಾಲಲ್ಲಿ ಕಡಲೆಯೊಳಗೆ ಓಡಾಡಿದರೆ ಮೀನಗಂಡ ಉರಿಯುತ್ತದೆ.

ಅಲ್ಲಿಂದ ತಲೆ ಎತ್ತಿದಾಗ ಚಿಗರಿ ಕಾಣಬಹುದು.

ಪುಸ್ತಕದಲ್ಲಿ ಅದು ಕೃಷ್ಣಮೃಗ. ನಮ್ಮ ಬಾಯಲ್ಲಿ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲಾರಂಭಿಸಿದ ತ್ವರಿತ ಬಸ್ಸಿಗೂ ಇದೇ ಹೆಸರು; ದಿನಾ ಅದರಲ್ಲಿ ಓಡಾಡುವ ಎಷ್ಟೋ ಮಂದಿ ನಿಜವಾದ ಚಿಗರಿಯನ್ನು ಒಮ್ಮೆಯೂ ನೋಡಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳೇ ಅದರ ಮನೆ. ಮರೆಯಲ್ಲಿ ಅಡಗುವ ಪ್ರಾಣಿ ಅಲ್ಲ ಅದು. ಬಯಲಲ್ಲೇ ನಿಂತು ಕಣ್ಣು ಮತ್ತು ಕಾಲನ್ನು ನಂಬಿ ಬದುಕುತ್ತದೆ. ಹೆಣ್ಣು, ಮರಿ ಹೊಂಬಣ್ಣ. ಗಂಡು ಬೆಳೆದಂತೆ ಬೆನ್ನು ಕಪ್ಪಾಗುತ್ತ ಹೋಗುತ್ತದೆ, ಹೊಟ್ಟೆ ಮತ್ತು ಕಣ್ಣ ಸುತ್ತಲಿನ ಬಳೆ ಮಾತ್ರ ಬಿಳಿ, ತಿರುಚಿದ ಕೊಂಬು. ಗಂಡು ತನ್ನ ಗಡಿ ಗುರುತಿಸಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಪಾಳು ಬಿದ್ದ ತುಂಡು ನೆಲದಲ್ಲಿ ಆ ಗುಪ್ಪೆ ಕಂಡರೆ ಅಲ್ಲೇ ದೂರ ನಿಲ್ಲಿ. ಹಿಂಡು ಬೆದರಿದರೆ ಮೊದಲು ಒಂದು ಚಂಗನೆ ಆಕಾಶಕ್ಕೆ ನೆಗೆಯುತ್ತದೆ, ಹಿಂದೆಯೇ ಮತ್ತೊಂದು, ಮಗದೊಂದು. ಆಮೇಲೆ ಓಟ. ಗಂಟೆಗೆ 80 ಕಿಲೋಮೀಟರಿನಷ್ಟು ವೇಗ ಅವುಗಳಿಗೆ ದಕ್ಕುತ್ತದೆ.

ಈ ಚೆಲುವಿನ ಖರ್ಚು ಹೊರುವವನು ರೈತ. ಕಡಲೆಯ, ಹೆಸರಿನ ಎಳೆ ಕುಡಿ ಚಿಗರಿಗೆ ಬಲು ಪ್ರೀತಿ. ಒಂದು ಹಿಂಡು ರಾತ್ರಿ ಹೊಕ್ಕರೆ ಬೆಳಗಾಗುವಾಗ ಸಾಲು ಸಾಲು ಬೋಳು. ಹಳೆಯ ಸೀರೆಗಳನ್ನು ಗೂಟಕ್ಕೆ ಕಟ್ಟಿದ ಬೇಲಿ ನೀವು ದಾರಿಯುದ್ದಕ್ಕೂ ನೋಡುತ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಮುಟ್ಟುವಂತಿಲ್ಲ, ಮುಟ್ಟಬಾರದು ಕೂಡ. ಆದರೆ ರಾಣೆಬೆನ್ನೂರಿನಲ್ಲಿ 1974ರಲ್ಲೇ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು, ಇಲ್ಲಿ ಅಭಯಾರಣ್ಯದ ಕೆಲಸವನ್ನು ಮಾಡುತ್ತಿರುವುದು ಎರಡೆಕರೆ, ನಾಲ್ಕೆಕರೆಯ ಹಿಡುವಳಿಗಳು. ಟಿಕೆಟ್ಟಿಲ್ಲ, ಗೇಟಿಲ್ಲ, ಸಫಾರಿ ಜೀಪಿಲ್ಲ. ಪರಿಹಾರದ ಹಣ ತಕ್ಕಷ್ಟು, ತಕ್ಕ ಹೊತ್ತಿಗೆ ಅವರ ಕೈ ಸೇರಲೇಬೇಕೆಂದು ನಾನು ನಂಬುತ್ತೇನೆ. ಎಳ್ಳಮಾವಾಸ್ಯೆಗೆ ಇದೇ ಜನ ಬುತ್ತಿ ಕಟ್ಟಿಕೊಂಡು ಬಂದು, ತಾವು ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಭೂಮಿತಾಯಿಯ ಹೆಸರಿನ ಆ ತುತ್ತು ಹಕ್ಕಿಗೂ ಇರುವೆಗೂ ಸಲ್ಲುತ್ತದೆ.

ಹಕ್ಕಿಗಳ ಲೆಕ್ಕಕ್ಕೆ ಬಂದರೆ ಚಳಿಗಾಲದಲ್ಲಿ ಈ ಬಯಲು ದೂರದೇಶದವರ ಬೀಡು. ಹ್ಯಾರಿಯರ್ ಎಂದು ಹಕ್ಕಿ ನೋಡುವವರು ಕರೆಯುವ ಗಿಡುಗಗಳು ಕಜಕಸ್ತಾನದ ಹುಲ್ಲುಗಾವಲಿನ ಕಡೆಯಿಂದ ಬಂದು, ಆಳೆತ್ತರದಲ್ಲಿ ತೇಲುತ್ತ ಮಿಡತೆ, ಇಲಿ ಹುಡುಕುತ್ತವೆ. ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ತಿರುಗಿ ಹಾಲ್ದೆನೆಯ ಜೋಳಕ್ಕೆ ಎರಗುತ್ತವೆ; ಅಟ್ಟದ ಮೇಲಿಂದ ಕವಣೆ ಬೀಸುವವರ ಕೂಗು ಆಗ ಹೊಲದಿಂದ ಹೊಲಕ್ಕೆ ಹಾಯುತ್ತದೆ. ಹಳ್ಳದ ದಂಡೆಯಲ್ಲಿ ಮಿಂಚುಳ್ಳಿ, ಜಾಲಿಗೆ ತೂಗುಬಿದ್ದ ಗೀಜಗನ ಗೂಡು, ಕಾಲಸಪ್ಪಳಕ್ಕೇ ಊರೆಲ್ಲ ಎಬ್ಬಿಸುವ ಟಿಟ್ಟಿಭ. ನವಿಲಂತೂ ನವಲಗುಂದದ ಹೆಸರಿನಲ್ಲೇ ಇದೆ, ಅಲ್ಲಿಯ ಹೆಣ್ಣುಮಕ್ಕಳು ನೇಯುವ ಜಮಖಾನೆಯಲ್ಲೂ ಇದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಲೇಬೇಕು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಅಲ್ಲಿ ಬೀಡು ಬಿಡುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅವೂ ಮೇಯುವುದು ಸುತ್ತಲ ರೈತರ ಹೊಲದಲ್ಲೇ. 2024ರಲ್ಲಿ ಈ ಕೆರೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕುಮಟಾ ಬಳಿಯ ಅಘನಾಶಿನಿ ಅಳಿವೆಯೂ ಅದರ ಜೊತೆಗೇ ಸೇರಿತು. ಕಡಲತಡಿಗೆ ಸಿಕ್ಕ ಮಾನ ಬಯಲಿನ ಕೆರೆಗೂ ಒಂದೇ ಹೊತ್ತಿಗೆ ಸಿಕ್ಕಿದ್ದು ನನಗೆ ಬಹಳ ಸಂತೋಷ ತಂದ ಸುದ್ದಿ. ಗಣಿಗಾರಿಕೆಯ ವಿರುದ್ಧದ ದೀರ್ಘ ಹೋರಾಟದ ನಂತರ 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡ, ಕೋಟೆಯೊಳಗೆ ನವಿಲುಧಾಮವಿರುವ ಬಂಕಾಪುರ, ಮುಂಡಗೋಡದ ದಾರಿಯ ಅತ್ತಿವೇರಿ: ಇವೂ ಹುಬ್ಬಳ್ಳಿಯಿಂದ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರ.

ಯಮನೂರಿನ ಬಯಲಿಗೆ ಬಂದವರು ಸಂಜೆಯವರೆಗೆ ಉಳಿಯಿರಿ. ಹೊತ್ತು ಮುಳುಗುವಾಗ ಗಿಡುಗಗಳು ಹುಲ್ಲಿನ ಮರೆಗೆ, ನೆಲದ ಮೇಲೇ ರಾತ್ರಿ ಕಳೆಯಲು ಇಳಿಯುತ್ತವೆ. ನೀವು ರಸ್ತೆಗೆ ಮರಳುವ ಹೊತ್ತಿಗೆ ಎದುರಿನಿಂದ ಕಂಬಳಿ ಹೊದ್ದ ರೈತ ಬರುತ್ತಾನೆ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಡಿಯಲು ಹಳೆಯ ಡಬ್ಬಿ. ಒಡ್ಡಿನ ಮೇಲೆ ನಿಂತು ಒಮ್ಮೆ ಬೆಳಕು ಬೀಸುತ್ತಾನೆ. ಕಡಲೆ ಹೊಲದ ಆಚೆ ತುದಿಯಲ್ಲಿ ಜೋಡಿ ಜೋಡಿ ಕಣ್ಣು ಹೊಳೆಯುತ್ತವೆ.