ಮಳೆಗೆ ಲೆಕ್ಕವಿದೆ, ನೆಲಕ್ಕಿಲ್ಲ

ಮಳೆಯ ಮೇಲೆ ನಮ್ಮ ಸರ್ಕಾರ ಇಟ್ಟಿರುವ ಕಣ್ಣು ಬಲು ಚುರುಕಾದದ್ದು. 1988ರಲ್ಲಿ ಬರಗಾಲದ ಮೇಲೆ ನಿಗಾ ಇಡುವ ಪುಟ್ಟ ಘಟಕವಾಗಿ ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆಯು ಗ್ರಾಮ ಪಂಚಾಯತ್‌ಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ರಾಜ್ಯದಲ್ಲಿ ಅವುಗಳ ಸಂಖ್ಯೆ ಆರು ಸಾವಿರ ದಾಟಿದೆ. ಕಾರ್ಕಳದ ಘಟ್ಟದ ತಪ್ಪಲಿನಲ್ಲಿ ಬಿದ್ದ ಮಳೆಯ ಅಳತೆ ಹದಿನೈದು ನಿಮಿಷಕ್ಕೊಮ್ಮೆ ಯಲಹಂಕದ ಕಚೇರಿಯನ್ನು ಮುಟ್ಟುತ್ತದೆ. ಆದರೆ ಅದೇ ಮಳೆ ನೆಲಕ್ಕೆ ಬಿದ್ದ ಮೇಲೆ ಎಲ್ಲಿಗೆ ಹೋಯಿತೆಂದು ಕೇಳಿ ನೋಡಿ. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ದಶಕಗಳಿಂದ ಅಳೆಯುತ್ತ ಬಂದಿರುವುದು ವರ್ಷಕ್ಕೆ ನಾಲ್ಕೇ ಬಾರಿ. ಈಚಿನ ವರ್ಷಗಳಲ್ಲಿ ತಾನೇ ಅಳೆದು ವರದಿ ಕಳಿಸುವ ಉಪಕರಣಗಳು ಕೆಲವು ಬಾವಿಗಳಿಗೆ ಬಂದಿವೆಯೆಂಬುದು ನಿಜ. ಆದರೂ ಮುಗಿಲಿನ ಬಗ್ಗೆ ನಮಗಿರುವ ತಿಳಿವಳಿಕೆಗೂ ಕಾಲಡಿಯ ಮಣ್ಣಿನ ಬಗ್ಗೆ ಇರುವ ತಿಳಿವಳಿಕೆಗೂ ನಡುವಿನ ಅಂತರ ಸಣ್ಣದಲ್ಲ.

ಈ ಅಂತರ ಬೇರೆ ಊರುಗಳಲ್ಲಿ ಅಷ್ಟಾಗಿ ಬಾಧಿಸದೇ ಇರಬಹುದು. ಕರಾವಳಿಯ ಮಾತು ಬೇರೆ. ಇಲ್ಲಿ ನೀರು ಸಿಗುವುದೂ ಸಿಗದಿರುವುದೂ, ಗುಡ್ಡ ನಿಲ್ಲುವುದೂ ಜರಿಯುವುದೂ ಮಣ್ಣಿನ ಪದರಗಳ ಜೋಡಣೆಯನ್ನೇ ಬಹುಮಟ್ಟಿಗೆ ನಂಬಿಕೊಂಡಿವೆ. ನಾನು ವಾಸವಾಗಿರುವ ಮಣಿಪಾಲದ ಗುಡ್ಡವನ್ನೇ ತೆಗೆದುಕೊಳ್ಳಿ. ಮೇಲೆ ಮುರಕಲ್ಲು. ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ, 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನೆಲದೊಳಗಿದ್ದಾಗ ಕತ್ತಿಯಲ್ಲಿ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನಿಂದ ಜನ ಮನೆ ಕಟ್ಟುವುದನ್ನು ಆತ ಮಲಬಾರಿನಲ್ಲಿ ಕಂಡಿದ್ದ. ಅದು ಇಟ್ಟಿಗೆಯಂತೆ ಬಳಕೆಯಾಗುತ್ತಿದ್ದುದರಿಂದ ಇಟ್ಟಿಗೆಗಿರುವ ಲ್ಯಾಟಿನ್ ಶಬ್ದವೇ ಈ ಹೆಸರಿಗೆ ಮೂಲ. ನಮ್ಮ ಪೂರ್ವಜರಿಗೆ ಹೆಸರಿನ ಅಗತ್ಯವಿರಲಿಲ್ಲ; ಕಲ್ಲಿನ ಗುಣ ಗೊತ್ತಿತ್ತು.

ಮುರಕಲ್ಲಿನ ಮೈಯೆಲ್ಲ ತೂತು. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಅದರ ಕೆಳಗಿರುವುದು ಶೇಡಿ ಮಣ್ಣು: ಬಿಳಿ, ನಸುಗೆಂಪು, ಹಳದಿ ಬಣ್ಣಗಳ ನುಣುಪಾದ ಜೇಡಿ. ಗೋಡೆಗೆ ಬಳಿಯಲು, ಚಿತ್ತಾರ ಬರೆಯಲು ಹಿಂದಿನವರು ಬಳಸುತ್ತಿದ್ದುದು ಇದನ್ನೇ. ಶೇಡಿಯೊಳಗೆ ನೀರು ಬೇಗ ಇಳಿಯದು. ಅದಕ್ಕೂ ಕೆಳಗೆ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಗಟ್ಟಿ ಬಂಡೆ. ಆ ಬಂಡೆ ನೆಲದ ಮೇಲೆದ್ದು ಕಾಣಬೇಕಾದರೆ ಕಾರ್ಕಳಕ್ಕೆ ಹೋಗಬೇಕು. ಊರಿನ ಹೆಸರಿನಲ್ಲೇ ‘ಕರಿ ಕಲ್ಲು’ ಇದೆಯೆನ್ನುತ್ತಾರೆ. 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟ ನಿಂತಿರುವುದೂ ಅಂಥ ಬಂಡೆಯ ಮೇಲೆಯೇ. ಮೇಲಿನ ಮುರಕಲ್ಲು, ಶೇಡಿ ಎರಡೂ ಆ ಬಂಡೆಯ ಸಂತಾನವೇ. ಲಕ್ಷಾಂತರ ವರ್ಷಗಳ ಮಳೆ ಬಂಡೆಯನ್ನು ಕೊಳೆಸಿ, ಅದರೊಳಗಿನ ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳನ್ನು ಉಳಿಸಿದ್ದರ ಫಲ ಇವು.

ಈ ಮೂರು ಪದರಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ನೀರಿನ ಒಗಟು ಬಿಡಿಸಿಕೊಳ್ಳುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಚೀಚೆ ಮಳೆ ಬೀಳುತ್ತದೆ. ಹತ್ತು ಸೆಂಟ್ಸ್ ಜಾಗದ ಮೇಲೆ ಇದು ಹದಿನಾರು ಲಕ್ಷ ಲೀಟರ್ ನೀರಾಯಿತು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕದಲ್ಲಿ ನಾಲ್ವರ ಸಂಸಾರಕ್ಕೆ ಇಡೀ ವರ್ಷ ಬೇಕಾಗುವುದು ಎರಡು ಲಕ್ಷ ಲೀಟರ್. ಅಗತ್ಯದ ಎಂಟು ಪಟ್ಟು ನೀರು ನಮ್ಮ ತಲೆಯ ಮೇಲೇ ಸುರಿಯುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಮಣಿಪಾಲದ ರಸ್ತೆಗಳಲ್ಲಿ ಟ್ಯಾಂಕರುಗಳದೇ ಓಡಾಟ. ಮುರಕಲ್ಲಿಗಿಳಿದ ನೀರು ಶೇಡಿಯ ಮೇಲೆ ನಿಂತು, ಅಲ್ಲಿಂದ ಅಡ್ಡಡ್ಡವಾಗಿ ಜಾರಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಟು, ತೋಡು ಸೇರಿ, ಹೊಳೆ ಸೇರಿ, ಎಂಟು ಕಿಲೋಮೀಟರ್ ದೂರದ ಅರಬ್ಬೀ ಸಮುದ್ರಕ್ಕೆ ಹೋಗಿಬಿಡುತ್ತದೆ. ನಮ್ಮ ಮನೆಯ ಬಾವಿಯಲ್ಲಿ ನವರಾತ್ರಿಗೆ ಕೈಗೆಟಕುವಂತಿದ್ದ ನೀರು ದೀಪಾವಳಿಯ ಹೊತ್ತಿಗೆ ಹಗ್ಗದ ಉದ್ದವನ್ನು ಬೇಡತೊಡಗುತ್ತದೆ.

ವರ್ಷಕ್ಕೆ ನಾಲ್ಕು ಬಾರಿಯ ಅಳತೆಗೆ ಈ ಇಳಿತ ಸಿಕ್ಕುವುದಿಲ್ಲ. ಅಂತರ್ಜಲದ ಅಧಿಕೃತ ವರದಿಗಳಲ್ಲಿ ಕರಾವಳಿ ತಾಲ್ಲೂಕುಗಳು ಬಹುತೇಕ ‘ಸುರಕ್ಷಿತ’ ವರ್ಗದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ ವಾರ್ಷಿಕ ಲೆಕ್ಕಾಚಾರ. ವರ್ಷದಲ್ಲಿ ಇಳಿದದ್ದೆಷ್ಟು, ಎತ್ತಿದ್ದೆಷ್ಟು ಎಂದು ಕೂಡಿ ಕಳೆದರೆ ನಾವು ಶ್ರೀಮಂತರೇ. ನಾಲ್ಕು ತಿಂಗಳಲ್ಲಿ ಬಂದ ಸಂಬಳವೆಲ್ಲ ತೂತು ಜೇಬಿನಿಂದ ಸೋರಿಹೋಗುತ್ತಿದೆ ಎಂಬುದು ಆ ಲೆಕ್ಕದ ಪುಸ್ತಕದಲ್ಲಿಲ್ಲ. ಮಂಡಳಿ 2012ರಲ್ಲಿ ಕೈಗೆತ್ತಿಕೊಂಡ ರಾಷ್ಟ್ರೀಯ ಜಲಧರ ನಕ್ಷೆಯ ಕಾರ್ಯಕ್ರಮ 2023ರ ಹೊತ್ತಿಗೆ ದೇಶದ ಸುಮಾರು 25 ಲಕ್ಷ ಚದರ ಕಿಲೋಮೀಟರನ್ನು ಮುಗಿಸಿತು. ದೊಡ್ಡ ಕೆಲಸವೇ. ಆದರೆ ಏಪ್ರಿಲ್‌ನಲ್ಲಿ ಯಾವ ವಾರ್ಡಿನ ಬಾವಿ ಮೊದಲು ಬತ್ತುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕುವಂತಿಲ್ಲ.

ಉತ್ತರ ಸಿಗದಿದ್ದಾಗ ನಾವು ಮಾಡುವುದೇನು? ದೂರದಿಂದ ನೀರು ತರುತ್ತೇವೆ. ಉಡುಪಿ-ಮಣಿಪಾಲಗಳಿಗೆ ಹಿರಿಯಡ್ಕ ಬಳಿಯ ಬಜೆ ಅಣೆಕಟ್ಟಿನಿಂದ ಸ್ವರ್ಣಾ ನದಿಯ ನೀರು ಬಂತು. 2019ರ ಮೇ ತಿಂಗಳಲ್ಲಿ ಬಜೆಯ ತಳ ಕಂಡಿತು. ನದಿಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪಿನಿಂದ ಎತ್ತಿ ಸರದಿಯ ಮೇಲೆ ಊರಿಗೆ ಹಂಚಿದರು. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ಸ್ವರ್ಣಾ ದಡ ಮೀರಿ ಹರಿದಳು. ಜಿಲ್ಲೆಯ ಹಲವೆಡೆ ಒಂದೇ ಹಗಲಿರುಳಿನಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು, ತಗ್ಗಿನ ಮನೆಗಳವರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ನಡುವೆ ಇದ್ದದ್ದು ಹದಿನಾರು ತಿಂಗಳು. ಒಂದೇ ನದಿಯ ಬರ ಮತ್ತು ನೆರೆಗಳನ್ನು ಒಂದೇ ಕಡತದಲ್ಲಿಟ್ಟು ಓದುವ ಕಚೇರಿ ನಮ್ಮಲ್ಲಿ ಯಾವುದು? ಕುಡಿಯುವ ನೀರು ಒಂದು ಇಲಾಖೆಗೆ, ನೆರೆ ಪರಿಹಾರ ಇನ್ನೊಂದಕ್ಕೆ. ವಾರಾಹಿಯ ನೀರನ್ನು ಕೊಳವೆಯಲ್ಲಿ ತರುವ ಯೋಜನೆಯನ್ನೂ ಕೈಗೆತ್ತಿಕೊಂಡರು. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸಿ ಬಂದ ನದಿಯದು. ವಿದ್ಯುತ್ತಿಗೆಂದು ಕಟ್ಟಿದ ವ್ಯವಸ್ಥೆಗೆ ಬಾಯಾರಿಕೆಯ ಹೊರೆಯೂ ಸೇರಿತು.

ಕಾಪು ಕಡೆಗೆ ಇಳಿದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಮರಳಿನೊಳಗಿನ ಸಿಹಿನೀರು ಸಮುದ್ರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಆಳದವರೆಗೆ ಉಪ್ಪು ಬಾರದೆಂಬುದು ಭೂಜಲ ವಿಜ್ಞಾನದ ಹಳೆಯ ಸೂತ್ರ. ತಿರುಗಿಸಿ ಓದಿದರೆ, ಪಂಪು ಹಾಕಿ ಒಂದಡಿ ಇಳಿಸಿದವನು ಉಪ್ಪನ್ನು ನಲವತ್ತಡಿ ಮೇಲಕ್ಕೆ ಕರೆದಂತಾಯಿತು. ಇದೇ ತಾಲ್ಲೂಕಿನ ಎಲ್ಲೂರಿನಲ್ಲಿ ವಿದೇಶಿ ಕಲ್ಲಿದ್ದಲು ಸುಟ್ಟು, ಸಮುದ್ರದ ನೀರಿನಿಂದ ತಣಿಸಿಕೊಳ್ಳುವ 1200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಬಾವಿಗಳು ಉಪ್ಪಾದವೆಂಬ ಸುತ್ತಲಿನವರ ದೂರು ವರ್ಷಗಟ್ಟಲೆ ಕೇಳಿಬಂತು. ಪರಿಸರ ಹಾನಿಯ ಪ್ರಕರಣ ಹಸಿರು ನ್ಯಾಯಮಂಡಳಿಯ ತನಕ ಹೋಗಿ, ಅದು 2022ರಲ್ಲಿ ಸ್ಥಾವರಕ್ಕೆ ಪರಿಹಾರ ಮೊತ್ತ ವಿಧಿಸಿತು. ಇಂಥ ವ್ಯಾಜ್ಯಗಳಲ್ಲಿ ಮೊದಲು ಏಳುವ ಪ್ರಶ್ನೆ, ಸ್ಥಾವರ ಬರುವ ಮುನ್ನ ಈ ಬಾವಿಯ ನೀರು ಹೇಗಿತ್ತು ಎಂಬುದು. ಪ್ರತಿ ಊರಿನ ಬಾವಿಯ ಹತ್ತು ವರ್ಷಗಳ ಅಳತೆಯಿದ್ದರೆ ಆ ಪ್ರಶ್ನೆಗೆ ವಕೀಲರು ಬೇಕಾಗುವುದಿಲ್ಲ.

ಈಗ ಶೇಡಿಯ ಇನ್ನೊಂದು ಮುಖ. ಒಣಗಿದ್ದಾಗ ಕಲ್ಲಿನಂತೆ ನಿಲ್ಲುವ ಈ ಮಣ್ಣು ನೀರು ಕುಡಿದೊಡನೆ ಬಲ ಕಳೆದುಕೊಳ್ಳುತ್ತದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯವರು ಇದರ ಗುಣದೋಷಗಳನ್ನು ದೀರ್ಘಕಾಲದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ನಮ್ಮ ಬಾವಿ ತೋಡಿದ ಹಿರಿಯರಿಗೆ ಅದು ಪರೀಕ್ಷೆಯಿಲ್ಲದೆಯೇ ಗೊತ್ತಿತ್ತು. ‘ಇನ್ನು ಕೆಳಗೆ ಶೇಡಿ, ಮಾರಾಯ್ರೇ. ರಿಂಗ್ ಇಳಿಸದೆ ಅಗೆದರೆ ನನ್ನನ್ನೂ ಸೇರಿಸಿ ಮುಚ್ಚಿಕೊಳ್ಳುತ್ತದೆ’ ಎಂದು ಅವರು ಕೆಲಸ ನಿಲ್ಲಿಸಿದ್ದರು. ರಸ್ತೆ ಅಗಲ ಮಾಡುವವರು ಹಾಗೆ ನಿಲ್ಲಿಸುವುದಿಲ್ಲ. ಮೇಲಿನ ಮುರಕಲ್ಲು ನೆಟ್ಟಗೆ ನಿಂತಿರುವುದನ್ನು ಕಂಡು, ಕೆಳಗಿನ ಶೇಡಿಯೂ ಹಾಗೆಯೇ ನಿಂತೀತೆಂದು ಗುಡ್ಡವನ್ನು ಗೋಡೆಯಂತೆ ಸೀಳುತ್ತಾರೆ. ಮೊದಲ ಮಳೆಗಾಲ ಕಳೆಯುತ್ತದೆ. ಎರಡನೆಯದರಲ್ಲಿ ಬರೆ ಜರಿದು ಡಾಮರಿನ ಮೇಲೆ ಮಲಗುತ್ತದೆ.

ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದರ ಮುಂದೆ ನಿಂತಿದ್ದವರು ಎಲ್ಲ ಮಣ್ಣಿನಡಿಗೆ, ಗಂಗಾವಳಿಯ ಒಡಲಿಗೆ ಹೋದರು. ಲಾರಿಯೊಂದನ್ನು ನದಿಯಿಂದ ಮೇಲೆತ್ತುವಾಗ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ದುರಂತವಾದ ಮೂರೇ ದಿನಗಳಲ್ಲಿ, ಜುಲೈ 19ರಂದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಕೋಲ್ಕತ್ತಾದಲ್ಲಿ ಉದ್ಘಾಟನೆಯಾಯಿತು. ದೈನಂದಿನ ಮುನ್ಸೂಚನೆ ಆರಂಭದಲ್ಲಿ ದೊರೆತದ್ದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿ ಜಿಲ್ಲೆಗಳಿಗೆ.

ಅದೇ ಸಂಸ್ಥೆ 2014ರಿಂದ ದೇಶದ ಗುಡ್ಡಗಾಡುಗಳಿಗೆಲ್ಲ ಭೂಕುಸಿತ ಸಾಧ್ಯತೆಯ ನಕ್ಷೆ ಬರೆಯುತ್ತ ಬಂದಿದೆ. ಪಶ್ಚಿಮ ಘಟ್ಟವೂ ಅದರಲ್ಲಿ ಸೇರಿದೆ. ನಮ್ಮ ಕಡೆಯ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರನ್ನು ಆ ನಕ್ಷೆಯ ಬಗ್ಗೆ ವಿಚಾರಿಸಿದೆ. ‘ನಮ್ಮಲ್ಲಿರುವುದು ಸರ್ವೆ ನಂಬರಿನ ನಕ್ಷೆ ಮಾತ್ರ ಸಾರ್’ ಎಂದರು. ಅವರನ್ನು ದೂರಿ ಫಲವಿಲ್ಲ. ನಕ್ಷೆಯ ಪ್ರಮಾಣ ಐವತ್ತು ಸಾವಿರಕ್ಕೊಂದು. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು. ಹತ್ತು ಸೆಂಟ್ಸ್ ನಿವೇಶನ ಅದರಲ್ಲಿ ಅರ್ಧ ಮಿಲಿಮೀಟರೂ ಇಲ್ಲದ ಚುಕ್ಕೆ. ಮನೆ ಕಟ್ಟಲು, ಗುಡ್ಡ ಕಡಿಯಲು, ಕೊಳವೆಬಾವಿ ಕೊರೆಯಲು ಒಪ್ಪಿಗೆ ಬೇಡಿ ಜನ ಬರುವುದು ಆ ಚುಕ್ಕೆಯ ಮಟ್ಟದಲ್ಲಿ. ದೆಹಲಿಯಲ್ಲಿ ಹಣದ ಬರವಿದೆ ಎಂದೂ ಅಲ್ಲ. ಕೇಂದ್ರ ಸಚಿವ ಸಂಪುಟ 2024ರ ಜನವರಿಯಲ್ಲಿ ಭೂವಿಜ್ಞಾನ ಸಚಿವಾಲಯದ ‘ಪೃಥ್ವಿ’ ಯೋಜನೆಗೆ 4797 ಕೋಟಿ ರೂಪಾಯಿ ಒಪ್ಪಿತು. ಹವಾಮಾನ, ಸಾಗರ, ಧ್ರುವ ಪ್ರದೇಶ, ಭೂಕಂಪ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಇತ್ತ ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದಲ್ಲಿ, ಎಂಟು ಕೋಟಿ ವರ್ಷಗಳಿಗೂ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಶಿಲೆಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ದೊರೆತಿದೆ. ಬಹಳ ಸಂತೋಷ. ಮುಂದಿನ ಜೂನ್‌ನಲ್ಲಿ ಜಾರಬಹುದಾದ ಗುಡ್ಡಕ್ಕೂ ಒಂದು ಫಲಕ ಬೇಡವೆ?

ತಿಳಿದದ್ದನ್ನು ದಿನಚರಿಗೆ ಇಳಿಸುವುದು ಸಾಧ್ಯವಿಲ್ಲವೆಂದು ಹೇಳುವವರಿಗೆ ಇಂದ್ರಾಳಿಯ ರೈಲು ನಿಲ್ದಾಣವನ್ನು ತೋರಿಸಬೇಕೆನಿಸುತ್ತದೆ. 1998ರಲ್ಲಿ ಪೂರ್ಣ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗ ಇದೇ ಮುರಕಲ್ಲು, ಇದೇ ಜೇಡಿಗಳನ್ನು ಸೀಳಿಕೊಂಡು ಸಾಗುತ್ತದೆ. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ ಕಾರವಾರದಿಂದ ಹೊರಟ ರೈಲು ಜರಿದ ಬಂಡೆಮಣ್ಣಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷದ ಜೂನ್‌ನಲ್ಲಿ ನಮ್ಮೂರ ಮೇಲೆಯೇ ಹೋಗುವ ಮತ್ಸ್ಯಗಂಧ ಹಳಿ ತಪ್ಪಿತು. ಆ ಸಾವುಗಳ ಬಳಿಕ ಇಳಿಜಾರುಗಳಿಗೆ ಉಕ್ಕಿನ ಬಲೆ ಬಂತು, ಕಡಿದಾದ ಬರೆಗಳ ಓರೆ ತಗ್ಗಿತು, ಗಸ್ತು ಬಿಗಿಯಾಯಿತು. ಇಂದಿಗೂ ಪ್ರತಿವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಪ್ರತ್ಯೇಕ ಮಳೆಗಾಲದ ವೇಳಾಪಟ್ಟಿ. ರೈಲುಗಳು ನಿಧಾನಿಸುತ್ತವೆ, ಅಪಾಯದ ಜಾಗಗಳಲ್ಲಿ ಇರುಳಿಡೀ ಕಾವಲಿರುತ್ತದೆ. ರೈಲು ತಡವಾಯಿತೆಂದು ನಾವು ಗೊಣಗುತ್ತೇವೆ, ಇರಲಿ. ಅದೇ ಗುಡ್ಡದ ಇನ್ನೊಂದು ಪಕ್ಕದ ಹೆದ್ದಾರಿಗೆ ಮಾತ್ರ ಮಳೆಗಾಲದ ವೇಳಾಪಟ್ಟಿಯೂ ಇಲ್ಲ, ಕಾವಲುಗಾರನೂ ಇಲ್ಲ.

ಪಂಚಾಯತ್ ಮಟ್ಟದಲ್ಲಿ ಇದಕ್ಕೆ ಬೇಕಾಗುವ ಕೆಲಸ ದುಬಾರಿಯದಲ್ಲ. ಕೊಳವೆಬಾವಿ ಕೊರೆಯುವ ಲಾರಿಯವನು ಎಷ್ಟು ಅಡಿಗೆ ಮುರಕಲ್ಲು ಮುಗಿಯಿತು, ಎಲ್ಲಿಂದ ಎಲ್ಲಿಯವರೆಗೆ ಶೇಡಿ, ಬಂಡೆ ಎಷ್ಟಕ್ಕೆ ಎಂಬುದನ್ನು ನೋಡುತ್ತಲೇ ಇರುತ್ತಾನೆ. ಕೇಸಿಂಗ್ ಪೈಪಿನ ಬಿಲ್ಲು ಮಾಡುವುದೇ ಆ ಲೆಕ್ಕದ ಮೇಲೆ. ಆ ಮೂರು ಅಂಕಿಗಳನ್ನು ಕಚೇರಿಗೆ ಕೊಡಬೇಕೆಂಬ ಷರತ್ತು ಹಾಕಿದರೆ ಐದು ವರ್ಷಗಳಲ್ಲಿ ಊರಿನ ಶೇಡಿಯ ನಕ್ಷೆ ತಾನಾಗಿ ಸಿದ್ಧವಾದೀತು. ಗುಡ್ಡ ಕಡಿಯುವ ಅರ್ಜಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಬಾವಿಗಳ ಮಟ್ಟವನ್ನು ವಾರಕ್ಕೊಮ್ಮೆ ಅಳೆಯಲು ಹೈಸ್ಕೂಲಿನ ಮಕ್ಕಳು ಸಾಕು. ಮಣಿಪಾಲದಂಥ ವಿದ್ಯಾನಗರಿಯಲ್ಲಿ ಅದನ್ನು ಕೂಡಿ ನೋಡಬಲ್ಲ ಎಂಜಿನಿಯರುಗಳಿಗೇನು ಕೊರತೆ? ಈ ಊರಿನ ಹೆಸರೇ ಮಣ್ಣಪಳ್ಳದಿಂದ ಬಂದದ್ದೆನ್ನುತ್ತಾರೆ. ಮಣ್ಣಿನ ನಡುವೆ ನೀರು ನಿಲ್ಲುವ ಆ ಪಳ್ಳ ಈಗಲೂ ಇದೆ, ಸಂಜೆ ಸುತ್ತು ಹಾಕುವವರಿಂದ ತುಂಬಿರುತ್ತದೆ. ಅಳತೆ ಆರಂಭಿಸಲು ಒಳ್ಳೆಯ ಸಮಯ ಅಕ್ಟೋಬರ್. ಬಾವಿಗಳು ತುಂಬಿದ್ದು, ಇಳಿತ ಆಗತಾನೆ ಶುರುವಾಗಿರುತ್ತದೆ.