ಎಲೆ ಕಲಸುವ ಯಂತ್ರ ಮೋಸ ಮಾಡುವುದೆ?

ಇಸ್ಪೀಟಿನಲ್ಲಿ ಸೋತವನು ಎಲೆಯನ್ನು ಬೈಯುವುದು ಹಳೆಯ ವಾಡಿಕೆ. ಎಲೆ ಕಲಸಿದವನ ಕೈಯನ್ನು ಶಂಕಿಸುವುದೂ ಅಷ್ಟೇ ಹಳೆಯದು. ಈಗ ಅಂತರಜಾಲದ ಮೂಲಕ ಆಡುವ ಎಲೆಯಾಟಗಳು ಬಂದಿವೆ. ಅಲ್ಲಿ ಎಲೆಯನ್ನು ಕಲಸುವುದೂ ಹಂಚುವುದೂ ಎಲ್ಲಿಯೋ ದೂರದಲ್ಲಿರುವ ಗಣಕಯಂತ್ರ. ಕಲಸುವ ಕೈ ಮರೆಯಾಯಿತು. ಶಂಕೆ ಮಾತ್ರ ಉಳಿಯಿತು. "ಯಂತ್ರ ಬೇಕೆಂದೇ ನನಗೆ ಕೆಟ್ಟ ಎಲೆ ಕೊಡುತ್ತಿದೆ" ಎಂಬ ದೂರು ಈ ಆಟಗಾರರ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ದೂರಿನಲ್ಲಿ ಹುರುಳೆಷ್ಟು? ಇದನ್ನು ತೀರ್ಮಾನಿಸಲು ರೋಷ ಸಾಲದು, ಲೆಕ್ಕ ಬೇಕು. ಪ್ರಸಿದ್ಧವಾದ ಒಂದು ಆಟವನ್ನೇ ಉದಾಹರಣೆಯಾಗಿಟ್ಟುಕೊಂಡು ಪರಿಶೀಲಿಸೋಣ.

ಆಟದ ಸ್ವರೂಪ

'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟ ೧೯೯೩ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದನ್ನು ರಚಿಸಿದ ರಿಚರ್ಡ್ ಗಾರ್ಫೀಲ್ಡ್ ಅವರು ಗಣಿತಜ್ಞರು. ಕ್ರಮಯೋಜನೆ, ವಿಕಲ್ಪಗಳನ್ನು ಕುರಿತ ಗಣಿತಶಾಖೆಯಲ್ಲಿ ಡಾಕ್ಟರೇಟ್ ಪಡೆದವರು. ಸಾಮಾನ್ಯ ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ ೫೨ ಎಲೆಗಳು. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಎಲೆಗಳಿವೆ. ಒಂದೊಂದಕ್ಕೂ ಒಂದೊಂದು ಚಿತ್ರ, ಒಂದೊಂದು ಶಕ್ತಿ. ಒಳಗೇನಿದೆಯೆಂದು ಕಾಣದ ಸಣ್ಣ ಪೊಟ್ಟಣಗಳಲ್ಲಿ ಅವು ಮಾರಾಟವಾಗುತ್ತವೆ. ಆಟಗಾರನು ಅವನ್ನು ಸಂಗ್ರಹಿಸಿ, ಸಂಗ್ರಹದಿಂದ ಆರಿಸಿ, ಕನಿಷ್ಠ ೬೦ ಎಲೆಗಳ ತನ್ನದೇ ಕಟ್ಟನ್ನು ರಚಿಸಿಕೊಳ್ಳುತ್ತಾನೆ. ೨೦೦೨ರಲ್ಲಿ ಈ ಆಟ ಅಂತರಜಾಲವನ್ನು ಪ್ರವೇಶಿಸಿತು. ೨೦೧೯ರಲ್ಲಿ 'ಅರೀನಾ' ಎಂಬ ಹೊಸ ರೂಪವನ್ನು ಪಡೆಯಿತು.

ಕಟ್ಟಿನಲ್ಲಿ 'ಭೂಮಿ' ಎಂಬ ಜಾತಿಯ ಎಲೆಗಳಿರುತ್ತವೆ. ಭೂಮಿಯಿಂದ ಬಲ ಹುಟ್ಟುತ್ತದೆ. ಆ ಬಲವನ್ನು ವ್ಯಯಿಸಿ ಮೃಗಗಳನ್ನೂ ಮಂತ್ರಗಳನ್ನೂ ಪ್ರಯೋಗಿಸಬೇಕು. ಒಂದು ಸರದಿಗೆ ಒಂದು ಭೂಮಿಯನ್ನು ಮಾತ್ರ ಹೂಡಬಹುದು. ಭೂಮಿ ಬಾರದಿದ್ದರೆ ಉತ್ತಮ ಎಲೆಗಳನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂರಬೇಕು. ಭೂಮಿಯೇ ಬಂದು ತುಂಬಿದರೆ ಬಲವಿದ್ದೂ ಪ್ರಯೋಗಿಸಲು ಏನೂ ಇಲ್ಲ. ಆಟಗಾರರ ದೂರೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ.

ನ್ಯಾಯವಾಗಿ ಕಲಸಿದರೆ ಬರುವುದೇನು?

೬೦ ಎಲೆಗಳ ಕಟ್ಟಿನಲ್ಲಿ ೨೪ ಭೂಮಿಗಳಿವೆ ಎನ್ನೋಣ. ಆರಂಭದಲ್ಲಿ ಆಟಗಾರನ ಕೈಗೆ ಏಳು ಎಲೆಗಳು ಬರುತ್ತವೆ. ಅರವತ್ತರಿಂದ ಏಳನ್ನು ಆರಿಸುವ ವಿಧಗಳು ೩೮ ಕೋಟಿ ೬೨ ಲಕ್ಷಕ್ಕೂ ಹೆಚ್ಚು. ಅವನ್ನೆಲ್ಲ ವಿಂಗಡಿಸಿದರೆ, ಎರಡು, ಮೂರು ಅಥವಾ ನಾಲ್ಕು ಭೂಮಿಗಳುಳ್ಳ ಅನುಕೂಲವಾದ ಕೈ ನೂರಕ್ಕೆ ಸುಮಾರು ೭೭ ಸಲ ಬರಬೇಕು. ಭೂಮಿಯೇ ಇಲ್ಲದ, ಇಲ್ಲವೆ ಒಂದೇ ಇರುವ ಕೈ ಸುಮಾರು ೧೪ ಸಲ. ಐದು ಅಥವಾ ಹೆಚ್ಚು ಭೂಮಿಗಳಿರುವ ಕೈ ಸುಮಾರು ೮ ಸಲ. ಎಂದರೆ ಯಾರೂ ಮೋಸ ಮಾಡದಿದ್ದರೂ ನಾಲ್ಕೈದು ಆಟಗಳಿಗೊಮ್ಮೆ ಕೆಟ್ಟ ಕೈ ಬಂದೇ ತೀರುತ್ತದೆ. ಒಳ್ಳೆಯ ಕೈಯನ್ನು ನಾವು ಮರೆಯುತ್ತೇವೆ, ಕೆಟ್ಟದ್ದನ್ನು ನೆನಪಿಟ್ಟುಕೊಳ್ಳುತ್ತೇವೆ.

ಯಂತ್ರ ಕಲಸುವ ಬಗೆ

ಯಂತ್ರಕ್ಕೆ ಕೈಯಿಲ್ಲ, ಅದು ಅಂಕೆಗಳನ್ನು ಕಲಸುತ್ತದೆ. ಇದರ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಯೇಟ್ಸ್ ೧೯೩೮ರಲ್ಲಿಯೇ ಪ್ರಕಟಿಸಿದ್ದರು. ಗಣಕಯಂತ್ರಕ್ಕೆ ಹೊಂದುವ ರೂಪವನ್ನು ೧೯೬೪ರಲ್ಲಿ ಡರ್ಸ್ಟನ್‌ಫೆಲ್ಡ್ ಕೊಟ್ಟರು. ಅರವತ್ತು ಎಲೆಗಳನ್ನು ಸಾಲಾಗಿಟ್ಟು, ೧ರಿಂದ ೬೦ರವರೆಗಿನ ಒಂದು ಸಂಖ್ಯೆಯನ್ನು ಚೀಟಿಯೆತ್ತಿದಂತೆ ಆರಿಸಬೇಕು. ಆ ಸ್ಥಾನದ ಎಲೆಯನ್ನು ಅರವತ್ತನೆಯದರೊಡನೆ ಅದಲುಬದಲು ಮಾಡಬೇಕು. ಬಳಿಕ ೧ರಿಂದ ೫೯, ಆಮೇಲೆ ೧ರಿಂದ ೫೮, ಹೀಗೆ ಕೊನೆಯವರೆಗೆ. ಆಗ ಪ್ರತಿಯೊಂದು ಜೋಡಣೆಗೂ ಸಮಾನ ಅವಕಾಶ ದೊರೆಯುತ್ತದೆ.

ಇಷ್ಟು ಸರಳವಾದ ಕ್ರಮದಲ್ಲೂ ಎಡವುವವರುಂಟು. ಪ್ರತಿಸಲವೂ ೧ರಿಂದ ೬೦ರವರೆಗೆ ಆರಿಸಿದರೇನಂತೆ ಎಂದು ಒಬ್ಬರು ಕೇಳಬಹುದು. ಮೂರೇ ಎಲೆಗಳನ್ನು ತೆಗೆದುಕೊಂಡು ನೋಡಿ. ಮೂರು ಸಲವೂ ಮೂರರಿಂದ ಆರಿಸಿದರೆ ೨೭ ಹಾದಿಗಳಾಗುತ್ತವೆ. ಮೂರು ಎಲೆಗಳ ಜೋಡಣೆಗಳು ಆರು. ಇಪ್ಪತ್ತೇಳನ್ನು ಆರಕ್ಕೆ ಸಮನಾಗಿ ಹಂಚಲಾಗದು. ಕೆಲವು ಜೋಡಣೆಗಳು ಹೆಚ್ಚು ಸಲ ಬಂದೇ ಬರುತ್ತವೆ.

ಇದು ಬರಿಯ ಊಹೆಯಲ್ಲ. ಅಂತರಜಾಲದ ಒಂದು ಪೋಕರ್ ಆಟದವರು ತಮ್ಮ ಪ್ರಾಮಾಣಿಕತೆಯನ್ನು ತೋರಿಸಲೆಂದು ಕಲಸುವ ಕ್ರಮವನ್ನು ತಾವೇ ಪ್ರಕಟಿಸಿದ್ದರು. ೧೯೯೯ರಲ್ಲಿ ತಜ್ಞರು ಅದನ್ನು ಪರೀಕ್ಷಿಸಿದಾಗ ಈ ತಪ್ಪೇ ಅದರಲ್ಲಿತ್ತು. ಅದಕ್ಕಿಂತ ದೊಡ್ಡ ತಪ್ಪೂ ಒಂದಿತ್ತು. ೫೨ ಎಲೆಗಳ ಜೋಡಣೆಗಳನ್ನು ಬರೆಯಲು ೬೮ ಅಂಕೆಗಳುಳ್ಳ ಸಂಖ್ಯೆ ಬೇಕು. ಈ ಯಂತ್ರವೋ, ನಡುರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನೇ ಬೀಜವಾಗಿಟ್ಟುಕೊಂಡು ಕಲಸುತ್ತಿತ್ತು. ದಿನಕ್ಕೆ ಮಿಲಿಸೆಕೆಂಡುಗಳು ೮ ಕೋಟಿ ೬೪ ಲಕ್ಷ ಮಾತ್ರ. ಕೆಲವು ಎಲೆಗಳನ್ನು ಕಂಡೊಡನೆ ಉಳಿದವನ್ನು ಲೆಕ್ಕಹಾಕಿ ಹೇಳಲು ತಜ್ಞರಿಗೆ ಸಾಧ್ಯವಾಯಿತು. ಆದ್ದರಿಂದ ಶಂಕಿಸುವುದು ತಪ್ಪಲ್ಲ. ಆದರೆ ಶಂಕೆಯನ್ನು ಹೀಗೆ ಪರೀಕ್ಷೆಗೊಡ್ಡಬೇಕು.

ಇನ್ನು 'ಅರೀನಾ'ದ ವಿಷಯ. ಒಂದೇ ಆಟದಲ್ಲಿ ಮುಗಿಯುವ ಪಂದ್ಯಗಳಲ್ಲಿ ಯಂತ್ರವು ಆರಂಭದ ಕೈಯನ್ನು ಒಂದಕ್ಕಿಂತ ಹೆಚ್ಚು ಸಲ ಹಂಚಿ ನೋಡಿ, ಭೂಮಿಯ ಪ್ರಮಾಣ ಕಟ್ಟಿಗೆ ಸಮೀಪವಾಗಿರುವ ಕೈಯನ್ನು ಆರಿಸಿಕೊಡುತ್ತದೆ. ಇದನ್ನು ತಯಾರಕರೇ ಬಹಿರಂಗವಾಗಿ ತಿಳಿಸಿದ್ದಾರೆ. ಎಂದರೆ ಇಲ್ಲಿ ಯಂತ್ರದ ಕೈವಾಡವಿರುವುದು ನಿಜ. ಆದರೆ ಅದು ಆಟಗಾರನಿಗೆ ಅನುಕೂಲವಾಗಿಯೇ ಇದೆ!

ಹಾಗಾದರೆ ಅನುಮಾನವೇಕೆ?

ನಿಜವಾಗಿ ಚೆನ್ನಾಗಿ ಕಲಸಿದ ಎಲೆಗಳ ಅನುಭವ ನಮಗೆ ಕಡಮೆ. ಕಟ್ಟನ್ನು ಎರಡಾಗಿ ಒಡೆದು ಅಂಚುಗಳನ್ನು ಹೆಣೆಯುವಂತೆ ಸೇರಿಸುವ ಕ್ರಮದಲ್ಲಿ ೫೨ ಎಲೆಗಳು ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲಸಬೇಕೆಂದು ಬೇಯರ್ ಮತ್ತು ಡಯಕೋನಿಸ್ ಎಂಬ ಗಣಿತಜ್ಞರು ೧೯೯೨ರಲ್ಲಿ ತೋರಿಸಿದರು. ಮನೆಯಲ್ಲಿ ಆಡುವವರಿಗೆ ಅಷ್ಟು ತಾಳ್ಮೆಯೆಲ್ಲಿ? ಅಲ್ಲದೆ, ಕೈಯಲ್ಲಿ ಎಲೆ ಹಿಡಿದು ಆಡುವ ಕೆಲವರು ಮೊದಲು ಭೂಮಿಗಳನ್ನು ಎಲೆಗಳ ನಡುವೆ ಸಮನಾಗಿ ಜೋಡಿಸಿ, ಆಮೇಲೆ ಹೆಸರಿಗೆಂಬಂತೆ ಕಲಸುತ್ತಾರೆ. ಅಂಥವರಿಗೆ ಯಂತ್ರದ ಪ್ರಾಮಾಣಿಕ ಕಲಸುವಿಕೆಯೇ ವಿಚಿತ್ರವಾಗಿ ತೋರುವುದು ಸಹಜ.

ಸತತವಾದ ಸೋಲು ಮತ್ತೊಂದು ಕಾರಣ. ಸಮಬಲದ ಎದುರಾಳಿಗಳೊಡನೆ ನೂರು ಆಟಗಳನ್ನಾಡಿದವನು ಎಲ್ಲಿಯಾದರೂ ಒಂದೆಡೆ ಸಾಲಾಗಿ ಐದು ಅಥವಾ ಹೆಚ್ಚು ಆಟಗಳನ್ನು ಸೋಲುವ ಸಂಭವ ಶೇಕಡ ೮೧ರಷ್ಟಿದೆ. ಸೋತವನಿಗೆ ಇದು ಪಿತೂರಿಯಂತೆ ಕಾಣುತ್ತದೆ. ಇಂಥ ಸಾಲು ಬಾರದಿದ್ದರೇ ಆಶ್ಚರ್ಯಪಡಬೇಕು.

ಅದೃಷ್ಟ ಮತ್ತು ಕೌಶಲ

ಯಂತ್ರವನ್ನು ದೂರುವವನಿಗಾಗುವ ನಿಜವಾದ ನಷ್ಟ ಬೇರೆಯೇ. ಅವನು ತನ್ನ ತಪ್ಪನ್ನು ಕಾಣುವುದಿಲ್ಲ, ಆದ್ದರಿಂದ ಕಲಿಯುವುದಿಲ್ಲ. ಗೆದ್ದವನಿಗೂ ಇದೇ ಅಪಾಯವುಂಟು. ನೂರಕ್ಕೆ ೫೫ ಗೆಲ್ಲಬಲ್ಲ ನಿಪುಣನು ನೂರು ಆಟಗಳಲ್ಲಿ ೫೦ನ್ನೇ ಗೆಲ್ಲಬಹುದು. ಸಾಮಾನ್ಯನು ೫೫ನ್ನು ಗೆದ್ದುಬಿಡಬಹುದು. ನೂರು ಆಟಗಳ ಫಲದಲ್ಲಿ ಐದರಷ್ಟು ಏರುಪೇರು ತೀರ ಸಾಮಾನ್ಯ. ಇವರಿಬ್ಬರನ್ನು ಒಂದಿಷ್ಟು ಭರವಸೆಯಿಂದ ಬೇರ್ಪಡಿಸಲು ನಾನೂರು ಆಟಗಳಾದರೂ ಬೇಕು.

ಆದುದರಿಂದಲೇ ಅನುಭವಿಗಳ ಚರ್ಚೆಯಲ್ಲಿ "ಗೆದ್ದೆಯಾ?" ಎಂಬ ಪ್ರಶ್ನೆಗೆ ಬೆಲೆಯಿಲ್ಲ, "ಆ ಸರದಿಯಲ್ಲಿ ಹಾಗೆ ಆಡಿದ್ದು ಸರಿಯೆ?" ಎಂಬುದೇ ಮುಖ್ಯ. ಒಂದು ಉದಾಹರಣೆ: ಕೈಯಲ್ಲಿ ಎರಡೇ ಭೂಮಿಗಳು. ಈ ಕೈಯನ್ನು ಇಟ್ಟುಕೊಳ್ಳಬೇಕೆ? ಅಥವಾ ಹಿಂದಿರುಗಿಸಿ ಹೊಸದಾಗಿ ಏಳನ್ನು ಪಡೆದು, ದಂಡವಾಗಿ ಒಂದನ್ನು ಕಟ್ಟಿನ ಅಡಿಗೆ ಹಾಕಬೇಕೆ? ಮೊದಲು ಆಡುವವನು ತನ್ನ ಮೊದಲ ಸರದಿಯಲ್ಲಿ ಎಲೆ ಎತ್ತುವಂತಿಲ್ಲ. ಆದ್ದರಿಂದ ಮೂರನೆಯ ಸರದಿಯ ಹೊತ್ತಿಗೆ ಅವನಿಗೆ ಎರಡೇ ಹೊಸ ಎಲೆಗಳು, ಎರಡನೆಯವನಿಗೆ ಮೂರು. ಮೂರನೆಯ ಭೂಮಿ ಅಷ್ಟರಲ್ಲಿ ದೊರೆಯುವ ಸಂಭವ ಮೊದಲಿನವನಿಗೆ ಶೇಕಡ ೬೬, ಎರಡನೆಯವನಿಗೆ ಶೇಕಡ ೮೧. ಅದೇ ಕೈ ಒಬ್ಬನಿಗೆ ನೆಮ್ಮದಿ, ಮತ್ತೊಬ್ಬನಿಗೆ ಸಾಹಸ. ಎಲೆಯನ್ನು ಯಂತ್ರ ಕೊಟ್ಟಿತು. ಆದರೆ ಇಟ್ಟುಕೊಳ್ಳುವ ತೀರ್ಮಾನ ಆಟಗಾರನದು.

ಇನ್ನೂ ಸಂದೇಹವುಳ್ಳ ವಾಚಕರು ತಾವೇ ಪರೀಕ್ಷಿಸಬಹುದು. ೨೪ ಭೂಮಿಗಳ ಕಟ್ಟನ್ನು ಹಿಡಿದು, ಮೂರರಲ್ಲಿ ಎರಡನ್ನು ಗೆಲ್ಲಬೇಕಾದ ಪಂದ್ಯಗಳನ್ನು ಆಡಿ. ಅಲ್ಲಿ ಕೈಯನ್ನು ಆರಿಸಿಕೊಡುವ ಏರ್ಪಾಡಿಲ್ಲ. ಒಂದು ಪುಸ್ತಕದಲ್ಲಿ, ಆಟ ಆರಂಭವಾಗುವ ಮೊದಲೇ, ಕೈಗೆ ಬಂದ ಭೂಮಿಗಳ ಎಣಿಕೆಯನ್ನು ಬರೆದಿಡಿ. ಗೆದ್ದ ಆಟವನ್ನೂ ಬಿಡಬಾರದು. ನೂರು ಆಟಗಳಾದ ಮೇಲೆ ಮೇಲಿನ ಅಂಕೆಗಳೊಡನೆ ಹೋಲಿಸಿ ನೋಡಿ. ಒಂದೇ ಭೂಮಿಯ ಅಥವಾ ಭೂಮಿಯಿಲ್ಲದ ಕೈಗಳು ಹದಿನಾಲ್ಕರ ಆಸುಪಾಸಿನಲ್ಲಿದ್ದರೆ ಯಂತ್ರವನ್ನು ದೂರುವುದನ್ನು ಬಿಟ್ಟು, ಆ ಹದಿನಾಲ್ಕು ಸಲ ತಾವು ಏನು ತೀರ್ಮಾನ ಮಾಡಿದಿರೆಂಬುದನ್ನು ಪರಿಶೀಲಿಸುವುದು ಲೇಸು.